ರಕ್ತದ ಕಥೆಗಳು, ಭಾಗ 3: ಕ್ರಿಸ್‌ಮಸ್ ಅನ್ನೋ ಹುಡುಗ

ಕ್ರಿಸ್‌ಮಸ್ ಕಾಯಿಲೆ. ಹೆಸರು ಕೇಳಿದ್ರೆ ಡಿಸೆಂಬರ್‌ನಲ್ಲಿ ಕೇಕ್ ಜಾಸ್ತಿ ತಿಂದವರಿಗೆ ಬರೋದು ಅನ್ಸತ್ತೆ ಅಲ್ವಾ? ಹಬ್ಬಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಒಬ್ಬ ಹುಡುಗನ ಸರ್‌ನೇಮ್. ಕಾಯಿಲೆಗಳಿಗೆ ಹೆಚ್ಚಾಗಿ ಡಾಕ್ಟರ್ ಹೆಸರಿಡ್ತಾರೆ, ಇಲ್ಲಿ ಪೇಶೆಂಟ್ ಹೆಸರು ಉಳೀತು.

ಸ್ಟೀಫನ್ ಕ್ರಿಸ್‌ಮಸ್ ಹುಟ್ಟಿದ್ದು 1947ರಲ್ಲಿ, ಲಂಡನ್‌ನಲ್ಲಿ. ಆಮೇಲೆ ಮನೆಯವರು ಕೆನಡಾದ ಟೊರಾಂಟೊಗೆ ಹೋದ್ರು. ಎರಡು ವರ್ಷದವನಿದ್ದಾಗ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಹಿಮೋಫಿಲಿಯಾ ಅಂದ್ರು. ನಮಗೆ ಗಾಯ ಆದ್ರೆ ಸ್ವಲ್ಪ ಹೊತ್ತಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಇವರಿಗೆ ಹಾಗಾಗಲ್ಲ. ಮೈಮೇಲಿನ ಗಾಯಕ್ಕಿಂತ ಒಳಗಿನದೇ ಕಷ್ಟ: ಮೊಣಕಾಲಿನ ಕೀಲೊಳಗೇ ರಕ್ತ ಸೋರಿ ಊದಿಕೊಳ್ಳುತ್ತೆ.

1952ರಲ್ಲಿ ನೆಂಟರನ್ನ ನೋಡೋಕೆ ಇಂಗ್ಲೆಂಡಿಗೆ ಬಂದಾಗ ಅವನ ರಕ್ತದ ಸ್ಯಾಂಪಲ್ ಆಕ್ಸ್‌ಫರ್ಡ್‌ಗೆ ಹೋಯ್ತು. ಅಲ್ಲಿ ರೋಸ್‌ಮರಿ ಬಿಗ್ಸ್, ಮ್ಯಾಕ್‌ಫರ್ಲೇನ್ ಮತ್ತು ಜೊತೆಯವರು ಕಂಡುಕೊಂಡಿದ್ದು ಕೇಳಿ, ನನಗಂತೂ ತುಂಬಾ ಇಷ್ಟ ಇದು. ಹಿಮೋಫಿಲಿಯಾ ಇರೋ ಬೇರೊಬ್ಬರ ರಕ್ತಕ್ಕೆ ಸ್ಟೀಫನ್‌ನಂಥವರ ರಕ್ತ ಬೆರೆಸಿದ್ರೆ, ಹೆಪ್ಪುಗಟ್ಟದ ಎರಡು ರಕ್ತ ಸೇರಿ ಹೆಪ್ಪುಗಟ್ಟುತ್ತೆ! ಅಂದ್ರೆ ಇವನಲ್ಲಿ ಇಲ್ಲದ್ದು ಅವರಲ್ಲಿದೆ, ಅವರಲ್ಲಿ ಇಲ್ಲದ್ದು ಇವನಲ್ಲಿದೆ. ಒಂದೇ ಅಂದುಕೊಂಡಿದ್ದ ಕಾಯಿಲೆ ನಿಜಕ್ಕೂ ಎರಡು. ಈಗಿನ ಭಾಷೆಯಲ್ಲಿ ಅವರಿಗೆ ಫ್ಯಾಕ್ಟರ್ 8 ಕೊರತೆ, ಇವನಿಗೆ ಫ್ಯಾಕ್ಟರ್ 9. ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದ್ದು 1952ರ ಡಿಸೆಂಬರ್ 27ಕ್ಕೆ. (ಹೌದು, ಕ್ರಿಸ್‌ಮಸ್ ವಾರವೇ.)

ಬಯಾಲಜಿ ಪುಸ್ತಕದಲ್ಲಿ ವಿಕ್ಟೋರಿಯಾ ರಾಣಿಯ ವಂಶವೃಕ್ಷ ನೋಡಿರ್ತೀರಿ. ಅವಳ ಮರಿಮಗ, ರಷ್ಯಾದ ರಾಜಕುಮಾರ ಅಲೆಕ್ಸಿಗಿದ್ದ ಹಿಮೋಫಿಲಿಯಾ ಇವೆರಡರಲ್ಲಿ ಯಾವುದು? 2009ರಲ್ಲಿ ರೊಮನೊವ್ ಕುಟುಂಬದ ಮೂಳೆಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ ಉತ್ತರ ಸಿಕ್ತು: ಫ್ಯಾಕ್ಟರ್ 9. ಅರಮನೆಯ ಕಾಯಿಲೆಗೆ ಟೊರಾಂಟೊ ಹುಡುಗನ ಹೆಸರು.

ಆ ಹುಡುಗ ದೊಡ್ಡವನಾಗಿ ಫೋಟೋಗ್ರಫಿ ಕಲಿತ, ಟ್ಯಾಕ್ಸಿ ಓಡಿಸಿದ, ಅದೇ ಮಕ್ಕಳ ಆಸ್ಪತ್ರೆಯಲ್ಲಿ ಮೆಡಿಕಲ್ ಫೋಟೋಗ್ರಾಫರ್ ಆದ. ಬದುಕೋಕೆ ಬೇರೆಯವರ ರಕ್ತ ಬೇಕೇ ಬೇಕಿತ್ತು. ಆ ರಕ್ತದಿಂದಲೇ ಎಚ್‌ಐವಿ ಬಂತು.

1985ಕ್ಕೆ ಮುಂಚೆ ರಕ್ತದಲ್ಲಿ ಎಚ್‌ಐವಿ ಪತ್ತೆ ಮಾಡೋ ಟೆಸ್ಟೇ ಇರ್ಲಿಲ್ಲ, ನಿಜ. ಆದ್ರೆ ವೈರಸ್ ಸಾಯೋ ಹಾಗೆ ಬಿಸಿ ಮಾಡಿದ ಔಷಧ ಬಂದಮೇಲೂ ಕೆನಡಾದಲ್ಲಿ ಬಿಸಿ ಮಾಡದ ಹಳೇ ಸ್ಟಾಕನ್ನೇ ಕೆಲವು ಕಾಲ ಹಂಚಿದ್ರು. ಇದನ್ನ ದುರದೃಷ್ಟ ಅಂತ ಕರೆಯೋಕೆ ನನಗೆ ಮನಸ್ಸಾಗಲ್ಲ.

ಸುರಕ್ಷಿತ ರಕ್ತಕ್ಕಾಗಿ ಸ್ಟೀಫನ್ ಹೋರಾಡಿದ. 1993ರ ಅಕ್ಟೋಬರ್‌ನಲ್ಲಿ ಸರ್ಕಾರ ನ್ಯಾಯಮೂರ್ತಿ ಹೊರೇಸ್ ಕ್ರೀವರ್ ಅವರ ವಿಚಾರಣಾ ಆಯೋಗ ನೇಮಿಸ್ತು. ಡಿಸೆಂಬರ್ 20ಕ್ಕೆ ಸ್ಟೀಫನ್ ತೀರಿಕೊಂಡ. 46 ವರ್ಷ. ಹಳೇ ಸ್ಟಾಕ್ ಹಂಚಿದ್ದರ ಲೆಕ್ಕ ಇರೋ ಆಯೋಗದ ವರದಿ ಬಂದಿದ್ದು 1997ರಲ್ಲಿ.