ಕರಿಯ ಕುರಿಯ ಲೆಕ್ಕ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು ಈಚೆಗೆ ಚೇವೆಳ್ಳ, ಶಂಕರಪಲ್ಲಿ, ಸದಾಶಿವಪೇಟೆಗಳ ಕಡೆ ಎರಡು ಮೂರು ಎಕರೆ ಜಮೀನು ಕೊಂಡಿದ್ದಾರೆ. ಬೇಲಿ ಹಾಕಿ, ಕೊಳವೆ ಬಾವಿ ತೋಡಿಸಿ, ನಾಲ್ಕು ಮಾವಿನ ಸಸಿ ನೆಟ್ಟ ಮೇಲೆ ಅವರಲ್ಲಿ ಹುಟ್ಟುವ ಪ್ರಶ್ನೆ ಒಂದೇ: ಇಲ್ಲಿ ಯಾವ ಪ್ರಾಣಿ ಸಾಕಿದರೆ ಲಾಭ? ಕೋಳಿಯೋ, ಕುರಿಯೋ, ಎಮ್ಮೆಯೋ? ಇಂದಿನ ಪೇಟೆಧಾರಣೆ ನೋಡಿ ಉತ್ತರ ಹೇಳಬಲ್ಲವರು ಬೇರೆ ಇದ್ದಾರೆ. ನಮ್ಮ ಕುತೂಹಲ ಹಿಂದಿನದು. ಇದೇ ಪ್ರಶ್ನೆಗೆ ಈ ನೆಲದ ರೈತ ಹಿಂದೆ ಏನು ಉತ್ತರ ಕೊಟ್ಟಿದ್ದ, ಆ ಉತ್ತರ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ನೋಡೋಣ.

ಆ ಉತ್ತರದ ಹೆಸರು ದಖನಿ ಕುರಿ. ಮೈ ಹೆಚ್ಚಾಗಿ ಕಪ್ಪು, ಉಣ್ಣೆ ಒರಟು, ಟಗರಿಗೆ ಕೊಂಬು. ಹೆಸರೇ ಹೇಳುವಂತೆ ಇದು ಒಂದು ರಾಜ್ಯದ್ದಲ್ಲ, ಪ್ರಸ್ಥಭೂಮಿಯದು. ಮಹಾರಾಷ್ಟ್ರದ ಬರಸೀಮೆ, ಬೀದರ, ಕಲಬುರಗಿ, ವಿಜಯಪುರ, ತೆಲಂಗಾಣದ ಮೆದಕ್ ಸೀಮೆ ಇವೆಲ್ಲ ಅದರ ನಾಡು. 1956ರ ನವೆಂಬರ್ 1ರವರೆಗೆ ಈ ಸೀಮೆಯ ದೊಡ್ಡ ಭಾಗ ಒಂದೇ ಹೈದರಾಬಾದ್ ರಾಜ್ಯದಲ್ಲಿತ್ತು. ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಜಹೀರಾಬಾದ್ ಮತ್ತು ನಾರಾಯಣಖೇಡ್ ಅಂದು ಬೀದರ ಜಿಲ್ಲೆಯವು. ಭಾಷಾವಾರು ವಿಂಗಡಣೆಯಲ್ಲಿ ಉದಗೀರದ ಕಡೆಯದು ಮರಾಠಿಗೆ ಹೋಯಿತು, ನಾರಾಯಣಖೇಡದ್ದು ತೆಲುಗಿಗೆ, ಭಾಲ್ಕಿ, ಹುಮನಾಬಾದ್‌ಗಳು ಕನ್ನಡಕ್ಕೆ. ಮಂದೆಗಳ ದಾರಿಗೆ ಈ ಗೆರೆಗಳು ಅಡ್ಡವಾಗಲಿಲ್ಲ.

ಕಾಯುವವರಿಗೂ ಮೂರು ಹೆಸರು: ಕನ್ನಡದಲ್ಲಿ ಕುರುಬ, ತೆಲಂಗಾಣದಲ್ಲಿ ಕುರುಮ, ಮರಾಠಿಯಲ್ಲಿ ಧನಗರ. ದೇವರಂತೂ ಒಬ್ಬನೇ ಎನ್ನಬೇಕು. ಹೂವಿನಹಡಗಲಿಯ ಕಡೆಯ ಮೈಲಾರಲಿಂಗ, ಭಾಲ್ಕಿ ತಾಲ್ಲೂಕಿನ ಮೈಲಾರ ಮಲ್ಲಣ್ಣ, ಜೆಜೂರಿಯ ಖಂಡೋಬ, ಸಿದ್ದಿಪೇಟೆ ಜಿಲ್ಲೆಯ ಕೊಮುರವೆಲ್ಲಿಯ ಮಲ್ಲಣ್ಣ ಇವರ ನಂಟನ್ನು ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ವರ್ಷಗಟ್ಟಲೆ ದಖನ್ನಿನಲ್ಲಿ ಅಲೆದು ಬಿಡಿಸಿಟ್ಟಿದ್ದಾರೆ. ಕೊಮುರವೆಲ್ಲಿಯ ಜಾತ್ರೆಯಲ್ಲಿ ಕುರುಮರ ಒಗ್ಗು ಕಥೆಯನ್ನು ಕೇಳಿದ ಕನ್ನಡಿಗರಿಗೆ ಭಂಡಾರದ ಹಳದಿಯೂ ಡೊಳ್ಳಿನ ಗತ್ತೂ ಪರಕೀಯವೆನಿಸುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ನಾವು ಇಂದು ಪ್ರಾಣಿಯ ಲಾಭವೆಂದರೆ ಅದನ್ನು ಸಾಕುವವನ ಲಾಭವೆಂದು ತಿಳಿಯುತ್ತೇವೆ. ಹಳೆಯ ಸಣ್ಣ ರೈತ ಹಾಗೆ ತಿಳಿದಿರಲಿಲ್ಲ. ಎರಡೆಕರೆಯವನು ನೂರು ಕುರಿ ಸಾಕಲಾರ. ಮೇವಿಲ್ಲ, ಕಾಯಲು ಆಳಿಲ್ಲ. ಆದರೆ ನೂರು ಕುರಿಗಳ ಗೊಬ್ಬರ ಅವನಿಗೆ ಬೇಕು. ಆದ್ದರಿಂದ ಸುಗ್ಗಿ ಮುಗಿದ ಮೇಲೆ ಕುರಿಗಾರನನ್ನು ಕರೆದು ತನ್ನ ಹೊಲದಲ್ಲಿ ಕುರಿ ತರುಬಿಸುತ್ತಿದ್ದ. ಮಂದೆ ಹಗಲು ಕೂಳೆ ಮೇಯುತ್ತಿತ್ತು, ರಾತ್ರಿ ಅದೇ ಹೊಲದಲ್ಲಿ ತಂಗುತ್ತಿತ್ತು. ಹಿಕ್ಕೆಯೂ ಗಂಜಳವೂ ನೇರವಾಗಿ ಮಣ್ಣಿಗೆ ಸೇರುತ್ತಿದ್ದವು. ಗಾಡಿ ಕಟ್ಟುವ, ತಿಪ್ಪೆಯಿಂದ ಹೊರುವ ಶ್ರಮವಿರಲಿಲ್ಲ. ಪ್ರತಿಯಾಗಿ ಕುರಿಗಾರನಿಗೆ ಜೋಳವೋ ರಾಗಿಯೋ ದೊರೆಯುತ್ತಿತ್ತು. ಈ ಏರ್ಪಾಟಿನಲ್ಲಿ ಸಣ್ಣ ಹಿಡುವಳಿಗೆ ಅತ್ಯಂತ ಲಾಭದ ಪ್ರಾಣಿ ಅದರ ಒಡೆಯನದಾಗಿರಲಿಲ್ಲ, ಹತ್ತು ರಾತ್ರಿಗಳ ಮಟ್ಟಿಗೆ ಬಂದು ಹೋಗುವ ಅತಿಥಿಯಾಗಿತ್ತು. ಕೃಷಿ ಇತಿಹಾಸ ಬರೆಯುವವರು ಎತ್ತು, ಎಮ್ಮೆಗಳ ಬಗ್ಗೆ ಪುಟಗಟ್ಟಲೆ ಬರೆದು ಇದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಇದು ನಮಗೆ ಸರಿ ತೋರುವುದಿಲ್ಲ.

ಎರಡನೆಯ ಬಾಬು ಉಣ್ಣೆ. ದಖನಿಯ ಉಣ್ಣೆ ಶಾಲಿಗೆ ಬಾರದು. ಒಂದು ಕುರಿಯಿಂದ ವರ್ಷಕ್ಕೆ ಒಂದು ಕಿಲೋ ಕೂಡ ಸಿಗದು. ಆದರೆ ಕಂಬಳಿಗೆ ಅದಕ್ಕಿಂತ ತಕ್ಕುದು ಬೇರೆ ಇರಲಿಲ್ಲ. ಗಂಡಸರು ಕತ್ತರಿಸಿ, ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಕುಳಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ಪೂಜೆಗೆ ಗದ್ದುಗೆ. ರಾಣೆಬೆನ್ನೂರಿನ ಬಳಿಯ ಮೆಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೇ ಹೆಸರಾದ ಊರುಗಳು. ತೆಲಂಗಾಣದಲ್ಲಿ ಅದೇ ವಸ್ತು ಗೊಂಗಡಿ. ಕುರುಬರಲ್ಲಿ ಉಣ್ಣೆ ಕಂಕಣ, ಹತ್ತಿ ಕಂಕಣ ಎಂಬ ಒಳಪಂಗಡಗಳೇ ಇವೆ. ಮದುವೆಯ ಮುಂಗೈಗೆ ಕಟ್ಟುವ ದಾರ ಯಾವುದರದು ಎಂಬುದರಿಂದ ಬಂದ ಹೆಸರುಗಳು ಅವು. ಬಾಳಿನಲ್ಲಿ ಉಣ್ಣೆಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಮರಿ, ಅಂದರೆ ಮಾಂಸ. ನಾಲ್ಕನೆಯದನ್ನು ಯಾರೂ ಬರೆದಿಡುತ್ತಿರಲಿಲ್ಲ: ಬರಗಾಲದಲ್ಲಿ ಸಾಯದೆ ಉಳಿಯುವ, ದಿನಗಟ್ಟಲೆ ನಡೆಯುವ ಕಾಲು.

ಈ ಬಾಬುಗಳು ಒಂದೊಂದಾಗಿ ಲೆಕ್ಕದಿಂದ ಹೋದವು. ಗೊಬ್ಬರದ ಚೀಲ ಬಂದಾಗ ತರುಬುವ ಬೇಡಿಕೆ ಇಳಿಯಿತು. ಕೊಳವೆ ಬಾವಿ ಬಂದಾಗ ಎರಡನೆಯ ಬೆಳೆ ಬಂತು, ಹೊಲ ಖಾಲಿ ಬೀಳುವುದು ತಪ್ಪಿತು. ಆಮೇಲೆ ತೆಲಂಗಾಣದಲ್ಲಿ ಹತ್ತಿ ಹಬ್ಬಿತು. ಜೋಳದ ದಂಟನ್ನು ನಂಬಿದ ಮಂದೆಗೆ ಔಷಧಿ ಹೊಡೆದ ಹತ್ತಿಯ ಎಲೆ ಅಪಾಯದ ಮೇವು. ಇತ್ತ ಪಾಣಿಪತ್ತಿನ ಗಿರಣಿಗಳ ಅಗ್ಗದ ಹೊದಿಕೆ ಹಳ್ಳಿಯ ಸಂತೆಗೂ ಬಂದು ಕಂಬಳಿಯನ್ನು ಮೂಲೆಗೆ ತಳ್ಳಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಉಣ್ಣೆಗೆ ಬೆಲೆ ಹೋದರೂ ಕುರಿಯ ಮೈಮೇಲೆ ಉಣ್ಣೆ ಬೆಳೆಯುವುದು ನಿಲ್ಲದು. ಅದನ್ನು ಕತ್ತರಿಸಲೇಬೇಕು, ಕತ್ತರಿಸುವವರಿಗೆ ಕೂಲಿ ಕೊಡಲೇಬೇಕು. ಆದಾಯವಾಗಿದ್ದುದು ಹೀಗೆ ಖರ್ಚಾಯಿತು. ಕತ್ತರಿಸಿದ ಉಣ್ಣೆಯನ್ನು ಬಯಲಲ್ಲೇ ಬಿಟ್ಟು ಹೋಗುವ ಕಾಲ ಬಂತು.

ಸರ್ಕಾರಗಳೂ ಸುಮ್ಮನಿರಲಿಲ್ಲ. ಮೊದಲು ಉಣ್ಣೆಯನ್ನು ನಯಗೊಳಿಸುವ ಉತ್ಸಾಹ. ಕಂಪನಿ ಸರ್ಕಾರದ ದಿನಗಳಿಂದಲೂ ದಖನ್ನಿಗೆ ಮೆರಿನೊ ಟಗರು ತರುವ ಪ್ರಯತ್ನಗಳು ನಡೆದಿದ್ದವು. ಸ್ವಾತಂತ್ರ್ಯಾನಂತರ ರಾಂಬುಲೆಯಂತಹ ವಿದೇಶಿ ತಳಿಗಳೊಡನೆ ಸಂಕರ ನಡೆಯಿತು. ನಯವಾದ ಉಣ್ಣೆಯ ಸಂಕರಗಳು ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುವ ಬಾಳಿಗೆ ಒಗ್ಗಲಿಲ್ಲ. ಆಮೇಲೆ ದಿಕ್ಕು ಬದಲಾಗಿ ಮಾಂಸದ ಕಡೆ ಗಮನ ಹರಿಯಿತು. ಆಂಧ್ರದ ಕರಾವಳಿ ಸೀಮೆಯ ನೆಲ್ಲೂರು ಕುರಿ ಎತ್ತರದ್ದು, ಉದ್ದ ಕಾಲಿನದು, ಮೈಮೇಲೆ ಉಣ್ಣೆಯಿಲ್ಲ, ಬರಿ ಕೂದಲು. ಹೈದರಾಬಾದಿನ ಬಿರಿಯಾನಿಗೂ ರಂಜಾನಿನ ಹಲೀಮಿಗೂ, ಜಿಯಾಗುಡದ ಕುರಿಸಂತೆಗೂ ಬೇಕಾದದ್ದು ಅದೇ. ನೆಲ್ಲೂರು ಟಗರು ಮಂದೆಗೆ ಇಳಿದಂತೆ ತೆಲಂಗಾಣದ ಕರಿಯ ಮಂದೆಗಳು ಕಂದು, ಬಿಳಿ ಬಣ್ಣಕ್ಕೆ ತಿರುಗಿದವು. ಕುರಿಗಾರರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಲೆಕ್ಕದಲ್ಲಿ ಒಂದೇ ಬಾಬು ಉಳಿದಿರುವಾಗ ಆ ಬಾಬಿನಲ್ಲಿ ಮುಂದಿರುವ ಪ್ರಾಣಿಯನ್ನು ಆರಿಸುವುದು ಬುದ್ಧಿವಂತಿಕೆಯೇ.

ಆ ಒಂದು ಬಾಬಿನ ಲೆಕ್ಕ ಎಷ್ಟು ದೊಡ್ಡದಾಗಿ ಬೆಳೆಯಬಲ್ಲುದೆಂಬುದು 2017ರಲ್ಲಿ ಕಂಡಿತು. ಆ ವರ್ಷದ ಜೂನ್ 20ರಂದು ಸಿದ್ದಿಪೇಟೆ ಜಿಲ್ಲೆಯ ಕೊಂಡಪಾಕದಲ್ಲಿ ತೆಲಂಗಾಣ ಸರ್ಕಾರ ಗೊಲ್ಲ, ಕುರುಮ ಕುಟುಂಬಗಳಿಗೆ ಕುರಿ ಹಂಚುವ ಯೋಜನೆಯನ್ನು ಆರಂಭಿಸಿತು. ಒಂದು ಘಟಕವೆಂದರೆ 20 ಹೆಣ್ಣು ಕುರಿ, 1 ಟಗರು, ಬೆಲೆ 1.25 ಲಕ್ಷ ರೂಪಾಯಿ. ಶೇಕಡ 75 ಸರ್ಕಾರದ್ದು, 31,250 ರೂಪಾಯಿ ಕುಟುಂಬದ್ದು. ಪಟ್ಟಿಯಲ್ಲಿದ್ದ ಕುಟುಂಬಗಳು ಏಳು ಲಕ್ಷಕ್ಕೂ ಹೆಚ್ಚು. ಇಷ್ಟು ಕುರಿ ಒಳಗಿಲ್ಲದ ಕಾರಣ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಿಂದ ಲಾರಿಗಳಲ್ಲಿ ಬಂದವು. 2019ರ ಜಾನುವಾರು ಗಣತಿಯಲ್ಲಿ ತೆಲಂಗಾಣ 1.91 ಕೋಟಿ ಕುರಿಗಳೊಂದಿಗೆ ದೇಶಕ್ಕೇ ಮೊದಲು ನಿಂತಿತು. 2012ಕ್ಕಿಂತ ಶೇಕಡ 48.5ರಷ್ಟು ಏರಿಕೆ. ಕರ್ನಾಟಕದ್ದು 1.11 ಕೋಟಿ. ಸಂಖ್ಯೆ ನಿಜ. ಹಂಚಿದ ಕುರಿಗಳು ಹೊಸ ನೀರು, ಹೊಸ ಮೇವಿಗೆ ಒಗ್ಗದೆ ಸತ್ತ ಸುದ್ದಿಗಳೂ, ಅವೇ ಕುರಿಗಳು ಮತ್ತೆ ಮಾರಾಟವಾಗಿ ಮರಳಿ ಯೋಜನೆಯೊಳಗೇ ಸುತ್ತಿದ ವರದಿಗಳೂ ಅಷ್ಟೇ ನಿಜವಾಗಿ ಪತ್ರಿಕೆಗಳಲ್ಲಿ ಬಂದವು. ಅಕ್ರಮಗಳ ಬಗ್ಗೆ 2024ರಲ್ಲಿ ಭ್ರಷ್ಟಾಚಾರ ನಿಗ್ರಹ ದಳದ ತನಿಖೆ ನಡೆಯಿತು. ಕುರಿ ಕೊಟ್ಟವರು ಅವು ಮೇಯಬೇಕಾದ ಹುಲ್ಲುಗಾವಲನ್ನು ಕೊಡಲಿಲ್ಲ ಎಂಬುದು ನಮಗೆ ಹಗರಣಕ್ಕಿಂತ ದೊಡ್ಡ ಲೋಪವಾಗಿ ಕಾಣುತ್ತದೆ.

ಬೇರೆ ದಾರಿಗಳನ್ನು ಹುಡುಕಿದವರೂ ಇದ್ದಾರೆ. ಮಹಾರಾಷ್ಟ್ರದ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆ ಸುಂದರಬನದ ಪುಟ್ಟ ಗರೋಲ್ ಕುರಿಯಲ್ಲಿರುವ ಅವಳಿ ಮರಿಗಳ ವಂಶವಾಹಿಯನ್ನು ದಖನಿಗೆ ತಂದು ‘ನಾರಿ ಸುವರ್ಣ’ವನ್ನು ರೂಪಿಸಿತು. ದಖನಿಯನ್ನು ಅಳಿಸದೆ ಅದರ ಮೇಲೆಯೇ ಕಟ್ಟಿದ ಕೆಲಸವಿದು. ಎರಡು ಮರಿಗೆ ಹಾಲು ಸಾಲಬೇಕಾದರೆ ತಾಯಿಗೆ ಹೆಚ್ಚಿನ ಮೇವು, ಹೆಚ್ಚಿನ ಆರೈಕೆ ಬೇಕು. ಮನೆಯ ಬಳಿ ಕಟ್ಟಿ ಸಾಕುವ ಸಣ್ಣ ಹಿಡುವಳಿಗೆ ಅದು ಸಾಧ್ಯ, ಅಲೆಯುವ ಮಂದೆಗೆ ಕಷ್ಟ. ಕೋಳಿಯ ವಿಷಯದಲ್ಲಿ ಹೈದರಾಬಾದಿಗೇ ಹಿರಿಮೆಯುಂಟು: ರಾಜೇಂದ್ರನಗರದ ಕೋಳಿ ಸಂಶೋಧನಾಲಯದ ವನರಾಜ, ಗ್ರಾಮಪ್ರಿಯ ತಳಿಗಳು ಹಿತ್ತಲಿಗೆಂದೇ ಹುಟ್ಟಿದವು. ಆ ಕಥೆ ಇನ್ನೊಮ್ಮೆ.

ದಖನಿ ಪೂರ್ತಿ ಅಳಿದಿಲ್ಲ. ಜಹೀರಾಬಾದ್, ನಾರಾಯಣಖೇಡಗಳ ಕಡೆ, ಗಡಿಯಾಚೆ ಬೀದರದಲ್ಲಿ ಕರಿಯ ಮಂದೆಗಳು ಇನ್ನೂ ಕಾಣಸಿಗುತ್ತವೆ. ಅದನ್ನು ಉಳಿಸಿಕೊಳ್ಳಲು ಕುರಿಗಾರರೇ ಸಂಘ ಕಟ್ಟಿಕೊಂಡಿದ್ದಾರೆ. ಹೈದರಾಬಾದಿನ ಕೆಲವು ಯುವ ವಿನ್ಯಾಸಕಾರರು ಗೊಂಗಡಿಯ ಬಟ್ಟೆಯಿಂದ ಪಾದರಕ್ಷೆ ಹೊಲಿಸುತ್ತಿದ್ದಾರೆ. ಕರಿಯ ಕುರಿಗೆ ಇಂದು ಹೆಚ್ಚು ಅಡ್ಡಿಯಾಗಿರುವುದು ನೆಲ್ಲೂರು ಟಗರಲ್ಲ, ಬಡಾವಣೆಗಳ ಗೋಡೆ. ಮತ್ತು ವಾರಾಂತ್ಯದ ತೋಟಗಳಿಗೆ ನಮ್ಮಂಥವರು ಹಾಕಿಸುವ ಬೇಲಿ. ಬೇಲಿಗೊಂದು ಅಗಲವಾದ ಗೇಟು ಇಟ್ಟು, ಸುಗ್ಗಿಯ ನಂತರ ಊರಿನ ಕುರುಮರಲ್ಲಿ ವಿಚಾರಿಸಿದವರ ಹೊಲದಲ್ಲಿ ಈಗಲೂ ಕುರಿ ತರುಬುತ್ತಾರೆ. ದರ ರಾತ್ರಿಗಿಷ್ಟೆಂದು ಮಂದೆಯ ಗಾತ್ರ ನೋಡಿ ಕುದುರುತ್ತದೆ. ಈಗ ಜೋಳವಲ್ಲ, ರೊಕ್ಕ.