ಐದು ಡಾಲರಿನ ರಿವಾಲ್ವರು: ಅಮೆರಿಕದ ಬಡವನೂ ಅವನ ಮೊದಲ ಆಯುಧವೂ



ಚರಿತ್ರೆಯ ಉಪನ್ಯಾಸವೆಂದರೆ ರಾಜರು, ಶಾಸನಗಳು, ದೇವಾಲಯಗಳು ಎಂಬ ನಿರೀಕ್ಷೆ ನಮ್ಮ ಸಭೆಗಳಲ್ಲಿ ಸಹಜ. ಇಂದು ನಾವು ಆರಿಸಿಕೊಂಡಿರುವ ವಸ್ತು ಅಷ್ಟು ಗೌರವದ್ದಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದ ಮನುಷ್ಯನು ಈ ದೇಶದಲ್ಲಿ ತನ್ನ ಮೊದಲ ರಿವಾಲ್ವರನ್ನು ಹೇಗೆ ಕೊಳ್ಳುತ್ತ ಬಂದನೆಂಬುದೇ ನಮ್ಮ ವಿಷಯ. ಆದರೂ ನಮ್ಮ ಮನೆಗಳಿಗೆ ಇದು ಹೊರಗಿನ ಪ್ರಶ್ನೆಯೇನೂ ಅಲ್ಲ. ಹೆದ್ದಾರಿಯ ಬದಿಯ ಮೋಟೆಲನ್ನೋ ನಡುರಾತ್ರಿಯವರೆಗೆ ತೆರೆದಿರುವ ಅಂಗಡಿಯನ್ನೋ ನಡೆಸುವ ಭಾರತೀಯರ ನಡುವೆ, ಹೊಸ ಊರಿನಲ್ಲಿ ಹೊಸದಾಗಿ ಮನೆ ಮಾಡಿದವರ ನಡುವೆ, "ಒಂದನ್ನು ಇಟ್ಟುಕೊಳ್ಳುವುದು ಲೇಸೆ? ಎಷ್ಟಕ್ಕೆ ಸಿಕ್ಕೀತು?" ಎಂಬ ಮಾತು ಏಳುವುದುಂಟು.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಅಲ್ಲಿ ಮೊದಲು ವಿಚಾರಿಸುವುದು ಲೈಸನ್ಸನ್ನು, ಆಮೇಲೆ ಬೆಲೆಯನ್ನು. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲದೆ ಕಂಪನಿ ಸರಕಾರದ ಎದುರು ನಿಂತು ಊರನ್ನೇ ಕಳೆದುಕೊಂಡ ಕಥೆಯನ್ನು ಉತ್ತರ ಕರ್ನಾಟಕದ ಲಾವಣಿಕಾರರಿಂದ ಕೇಳಿದವರು ನಮ್ಮಲ್ಲಿ ಇದ್ದಾರೆ. 1878ರ ಆಯುಧ ಕಾಯಿದೆಯು ಭಾರತೀಯರಿಗೆ ಲೈಸನ್ಸನ್ನು ವಿಧಿಸಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಕೊಡವರಿಗೆ ಬ್ರಿಟಿಷರು ಕೊಟ್ಟ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಉಳಿದುಬಂದಿದೆ. ಅಲ್ಲಿ ಬಾಗಿಲು ಕಾದದ್ದು ಸರಕಾರದ ಅಪ್ಪಣೆ. ಅಮೆರಿಕದಲ್ಲಿಯಾದರೋ, ಬಹುಕಾಲ ಬಾಗಿಲು ಕಾದದ್ದು ಬೆಲೆ. ಆ ಬೆಲೆ ಇಳಿದಾಗ ಏನಾಯಿತು, ಇಳಿಯದಂತೆ ತಡೆದವರು ಯಾರು ಎಂಬುದೇ ನಮ್ಮ ಇಂದಿನ ಕಥೆ.

ಸ್ಯಾಮುಯೆಲ್ ಕೋಲ್ಟನು ತಿರುಗುವ ಸಿಲಿಂಡರಿನ ಪಿಸ್ತೂಲಿಗೆ 1836ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ಅವನು ತೆರೆದ ಕಾರ್ಖಾನೆ 1842ರಲ್ಲಿ ಮುಚ್ಚಿತು. ಮೆಕ್ಸಿಕೋ ಯುದ್ಧದ ಕಾಲದ ಒಂದು ಸಾವಿರ ಪಿಸ್ತೂಲುಗಳ ಸರಕಾರಿ ಬೇಡಿಕೆಯಿಂದ ಅವನು ಮತ್ತೆ ತಲೆಯೆತ್ತಿದನು. ದೇವರು ಮನುಷ್ಯರನ್ನು ಸೃಷ್ಟಿಸಿದನು, ಕೋಲ್ಟನು ಅವರನ್ನು ಸಮಾನರನ್ನಾಗಿಸಿದನು ಎಂಬರ್ಥದ ಜನಪ್ರಿಯ ಮಾತೊಂದು ಈ ದೇಶದಲ್ಲಿ ಉಂಟು. ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಕೋಲ್ಟನ ಪಿಸ್ತೂಲು ಸೇನೆಯ ಅಧಿಕಾರಿಗೆ, ಜಮೀನುದಾರನಿಗೆ, ಚಿನ್ನ ಕಂಡವನಿಗೆ ಎಟುಕುವ ವಸ್ತುವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೂ ಅವನ ಕಂಪನಿಯ ದೊಡ್ಡ ರಿವಾಲ್ವರಿನ ಬೆಲೆ ಹದಿನೈದು ಡಾಲರಿನ ಆಸುಪಾಸಿನಲ್ಲಿತ್ತು. ದಿನಕ್ಕೆ ಒಂದೂವರೆ ಡಾಲರು ದುಡಿಯುವ ಕೂಲಿಗೆ ಅದು ಹತ್ತು ದಿನದ ಅನ್ನ. ಅಂಥವನಿಗೆ ಸಮಾನತೆಯನ್ನು ಒದಗಿಸಿದವನು ಕೋಲ್ಟನಲ್ಲ. ಒಂದು ಪೇಟೆಂಟಿನ ಅವಧಿ ಮುಗಿದ ಗಳಿಗೆ.

ಆ ಪೇಟೆಂಟು ರಾಲಿನ್ ವೈಟ್ ಎಂಬವನದು. ಲೋಹದ ಕಾಡತೂಸನ್ನು ಹಿಂದಿನಿಂದ ತುಂಬಬೇಕಾದರೆ ಸಿಲಿಂಡರಿನ ರಂಧ್ರವು ಈ ತುದಿಯಿಂದ ಆ ತುದಿಗೆ ಹಾಯಬೇಕು. ಇಷ್ಟು ಸರಳವಾದ ವಿಚಾರಕ್ಕೆ ಅವನು 1855ರಲ್ಲಿ ಹಕ್ಕು ಪಡೆದಿದ್ದನು. ಸ್ಮಿತ್ ಮತ್ತು ವೆಸ್ಸನ್ ಇಬ್ಬರೂ ಅದನ್ನು ಪಿಸ್ತೂಲೊಂದಕ್ಕೆ ಇಪ್ಪತ್ತೈದು ಸೆಂಟಿನಂತೆ ಗುತ್ತಿಗೆಗೆ ಪಡೆದು, 1857ರಿಂದ ಹನ್ನೆರಡು ವರ್ಷ ಕಾಡತೂಸಿನ ರಿವಾಲ್ವರಿನ ಮಾರುಕಟ್ಟೆಯನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡರು. ಹಕ್ಕನ್ನು ಉಲ್ಲಂಘಿಸಿದವರ ಮೇಲೆ ದಾವೆ ಹೂಡುವ ಖರ್ಚನ್ನು ಮಾತ್ರ ಜಾಣತನದಿಂದ ವೈಟನ ತಲೆಗೇ ಕಟ್ಟಿದ್ದರು! 1869ರಲ್ಲಿ ಅವಧಿ ಮುಗಿಯಿತು. ಅದನ್ನು ವಿಸ್ತರಿಸಿಕೊಳ್ಳಲು ವೈಟನು ಕಾಂಗ್ರೆಸ್ಸಿನ ಬಾಗಿಲು ತಟ್ಟಿದನು, ಮಸೂದೆಯೂ ಅಂಗೀಕಾರವಾಯಿತು, ಆದರೆ 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟರು ಅದಕ್ಕೆ ಸಹಿ ಹಾಕದೆ ಹಿಂತಿರುಗಿಸಿದರು.

ಒಡ್ಡು ಒಡೆದ ಕೆರೆಯಂತಾಯಿತು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಸಂಸ್ಥಾನಗಳ ಸಣ್ಣ ಪುಟ್ಟ ಕಾರ್ಖಾನೆಗಳಿಂದ ಅಗ್ಗದ ರಿವಾಲ್ವರುಗಳು ಹೊರಬಿದ್ದುವು. ಟ್ರಿಗರಿಗೆ ರಕ್ಷಣೆಯ ಬಳೆಯಿಲ್ಲ, ಲೋಹ ಮೆತು, ನಳಿಕೆ ಗಿಡ್ಡ. ನಿಕಲ್ಲಿನ ಮೆರುಗು ಮಾತ್ರ ಕಣ್ಣು ಕೋರೈಸುವಂಥದು. ತಯಾರಕನ ಹೆಸರಿನ ಬದಲು ಅವುಗಳ ಮೇಲೆ "ಟ್ರ್ಯಾಂಪ್ಸ್ ಟೆರರ್", "ಡಿಫೆಂಡರ್", "ಸ್ವಾಂಪ್ ಏಂಜೆಲ್" ಮುಂತಾದ ಅಬ್ಬರದ ಬಿರುದುಗಳನ್ನು ಕೊರೆಯುತ್ತಿದ್ದರು. ಹೆಸರನ್ನು ಮರೆಮಾಡಿದ ತಯಾರಕನು ತನ್ನ ಮಾಲಿನ ಬಗೆಗೆ ಏನನ್ನು ತಿಳಿದಿದ್ದನೆಂದು ಹೇಳಬೇಕಾದ್ದಿಲ್ಲ. ಮುಂದಿನ ಕಾಲದ ಸಂಗ್ರಾಹಕರು ಇವನ್ನೆಲ್ಲ ಒಟ್ಟಾಗಿ "ಸೂಯಿಸೈಡ್ ಸ್ಪೆಷಲ್" ಎಂದು ಕರೆದರು.

ಈ ಗುಂಪಿನಿಂದಲೇ ಮೇಲೆ ಬಂದವನು ಐವರ್ ಜಾನ್ಸನ್. ಇವನು ನಮ್ಮಂತೆಯೇ ವಲಸೆಗಾರ. 1841ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಂದೂಕಿನ ಕಸುಬನ್ನು ಕಲಿತು, 1863ರಲ್ಲಿ ವುಸ್ಟರಿಗೆ ಬಂದನು. 1871ರಲ್ಲಿ ಮಾರ್ಟಿನ್ ಬೈ ಎಂಬವನೊಡನೆ ಪಾಲುದಾರಿಕೆಯನ್ನು ಆರಂಭಿಸಿ, ಇಪ್ಪತ್ತು ವರ್ಷದ ಮೇಲೆ ಫಿಚ್‌ಬರ್ಗಿನಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿದನು. ಅಲ್ಲಿ ಬೈಸಿಕಲ್ಲುಗಳೂ ತಯಾರಾಗುತ್ತಿದ್ದುವು. ಟ್ರಿಗರನ್ನು ಪೂರ್ತಿ ಎಳೆಯದೆ ಗುಂಡು ಹಾರಬಾರದು ಎಂಬುದು ಅವನ ಕಂಪನಿಯ ರಿವಾಲ್ವರಿನ ಗುಟ್ಟು. ಹಿಂದಿನ ರಿವಾಲ್ವರುಗಳಲ್ಲಿ ಹ್ಯಾಮರಿನ ಮೊನೆಯು ನೇರವಾಗಿ ಕಾಡತೂಸಿನ ಬೆನ್ನಿನ ಮೇಲೆ ಕುಳಿತಿರುತ್ತಿತ್ತು. ಕೈತಪ್ಪಿ ಕೆಳಗೆ ಬಿದ್ದರೆ ಸಾಕು, ಸಿಡಿಯುತ್ತಿತ್ತು. ಈ ಭಯದಿಂದಲೇ ಬಲ್ಲವರು ಆರು ಗುಂಡಿನ ಪಿಸ್ತೂಲಿಗೆ ಐದನ್ನೇ ತುಂಬುತ್ತಿದ್ದರು. ಜಾನ್ಸನ್ನನ ಪಿಸ್ತೂಲಿನಲ್ಲಿ ಹ್ಯಾಮರಿಗೂ ಸಿಡಿಸುವ ಮೊಳೆಗೂ ನೇರ ಸಂಪರ್ಕವಿಲ್ಲ. ಟ್ರಿಗರನ್ನು ಎಳೆದಾಗ ಮಾತ್ರ ಉಕ್ಕಿನ ಸಣ್ಣ ಪಟ್ಟಿಯೊಂದು ನಡುವೆ ಮೇಲೆದ್ದು ಪೆಟ್ಟನ್ನು ಮೊಳೆಗೆ ದಾಟಿಸುತ್ತದೆ. ಬಡಗಿಯ ಸುತ್ತಿಗೆಯಿಂದ ಬಡಿದರೂ ಇದು ಹಾರದೆಂದು ಕಂಪನಿ ಜಾಹೀರಾತು ಕೊಟ್ಟಿತು. ಬೆಲೆ ಐದು ಡಾಲರು. ಹ್ಯಾಮರು ಒಳಗೆ ಅಡಗಿದ್ದಕ್ಕೆ ಆರು.

ಅಗ್ಗದ ವಸ್ತುವಿನಲ್ಲಿ ಇಷ್ಟೊಂದು ಒಳ್ಳೆಯ ಯೋಚನೆ ಇರುವುದು ಅಪರೂಪ. ಕೂಲಿಯವನ ಮೂರು ನಾಲ್ಕು ದಿನದ ಸಂಪಾದನೆಗೆ ದೊರೆತ ಈ ಸಾಧನವು ಅಂದಿನ ಅನೇಕ ದುಬಾರಿ ಪಿಸ್ತೂಲುಗಳಲ್ಲಿ ಇರಲಿಲ್ಲ. ಆದರೆ ಅದೇ ಕಂಪನಿಯ 1904ರ ಒಂದು ಜಾಹೀರಾತನ್ನು ನೋಡಬೇಕು. ಹಾಸಿಗೆಯ ಮೇಲೆ ಮಲಗುವ ಉಡುಪಿನಲ್ಲಿ ಕುಳಿತ ಪುಟ್ಟ ಹುಡುಗಿಯೊಬ್ಬಳು ರಿವಾಲ್ವರನ್ನು ಆಟಿಕೆಯಂತೆ ಹಿಡಿದಿದ್ದಾಳೆ. ಇದರಿಂದ ನಮಗೆ ಏನೂ ಆಗದೆಂದು ಅಪ್ಪ ಹೇಳಿದ್ದಾರೆ ಎಂಬುದು ಅವಳ ಮಾತು. ಕೆಳಗೆ ಬಿದ್ದರೆ ಹಾರದ ಪಿಸ್ತೂಲು, ಮಗುವಿನ ಬೆರಳು ಟ್ರಿಗರನ್ನು ಎಳೆದರೆ ಹಾರದೆ ಇದ್ದೀತೆ? ಉಕ್ಕಿನ ಪಟ್ಟಿಗೆ ಬೆರಳು ಯಾರದೆಂದು ತಿಳಿಯದು. ಮಕ್ಕಳಿರುವ ಮನೆಯವರು ಈ ಚಿತ್ರವನ್ನು ಒಮ್ಮೆ ನೋಡಿದರೆ ಮರೆಯಲಾರರು. ಆ ಕಾಲದವರಿಗೆ ಅದು ಮುದ್ದಾಗಿ ಕಂಡಿತೆಂಬುದೇ ನಮಗೆ ಸೋಜಿಗ.

ಅಷ್ಟರಲ್ಲಿಯೇ ಆ ಕಂಪನಿಯ ಹೆಸರು ಬೇರೊಂದು ಕಾರಣದಿಂದ ಲೋಕಪ್ರಸಿದ್ಧವಾಗಿತ್ತು. 1901ರ ಸೆಪ್ಟೆಂಬರ್ 6ರಂದು ಬಫಲೋ ನಗರದ ವಸ್ತುಪ್ರದರ್ಶನದಲ್ಲಿ, ಕೈಕುಲುಕಲು ಸಾಲಿನಲ್ಲಿ ನಿಂತ ಲಿಯಾನ್ ಚೋಲ್‌ಗಾಷ್ ಎಂಬ ಕೆಲಸವಿಲ್ಲದ ಕಾರ್ಮಿಕನು, ಕರವಸ್ತ್ರದಲ್ಲಿ ಮುಚ್ಚಿದ್ದ ಐವರ್ ಜಾನ್ಸನ್ ರಿವಾಲ್ವರಿನಿಂದ ಅಧ್ಯಕ್ಷ ಮೆಕಿನ್ಲಿಯವರ ಮೇಲೆ ಗುಂಡು ಹಾರಿಸಿದನು. ಕೆಲವು ದಿನದ ಹಿಂದೆ ಅದೇ ಊರಿನಲ್ಲಿ ಅವನು ಅದಕ್ಕೆ ಕೊಟ್ಟ ಬೆಲೆ ನಾಲ್ಕೂವರೆ ಡಾಲರು.

ಇನ್ನು ಬೆಲೆಯನ್ನೇ ಬೇಲಿಯನ್ನಾಗಿ ಮಾಡಿಕೊಂಡವರ ಕಥೆಗೆ ಬರೋಣ. ಅಂತರ್ಯುದ್ಧದ ನಂತರ ದಕ್ಷಿಣದ ಸಂಸ್ಥಾನಗಳಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯರಿಗೆ ಆಯುಧವನ್ನು ಹೆಸರು ಹಿಡಿದು ನಿಷೇಧಿಸುವುದು ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ಎದುರು ಸಾಧ್ಯವಿರಲಿಲ್ಲ. ಟೆನೆಸಿಯ ಶಾಸಕರು ಬೇರೆ ದಾರಿ ಹಿಡಿದರು. ಅಲ್ಲಿನ ಉಚ್ಚ ನ್ಯಾಯಾಲಯವು 1871ರಲ್ಲಿ ಸೈನಿಕರು ಬಳಸುವಂಥ ರಿವಾಲ್ವರಿಗೆ ಸಂವಿಧಾನದ ರಕ್ಷಣೆಯುಂಟೆಂಬ ಅರ್ಥದಲ್ಲಿ ತೀರ್ಪು ಕೊಟ್ಟಿತ್ತು. 1879ರಲ್ಲಿ ಶಾಸನಸಭೆಯು ಸೇನೆ ಮತ್ತು ನೌಕಾಪಡೆಯ ಮಾದರಿಯ ಪಿಸ್ತೂಲುಗಳನ್ನು ಬಿಟ್ಟು ಉಳಿದೆಲ್ಲ ಪಿಸ್ತೂಲುಗಳ ಮಾರಾಟವನ್ನು ನಿಷೇಧಿಸಿತು. 1881ರಲ್ಲಿ ಅರ್ಕಾನ್ಸಾ ಅದನ್ನೇ ಅನುಸರಿಸಿತು. ಕಾಯಿದೆಯಲ್ಲಿ ಬಣ್ಣದ ಮಾತಿಲ್ಲ, ಬಡತನದ ಮಾತೂ ಇಲ್ಲ. ಹಳೆಯ ಸೈನ್ಯಾಧಿಕಾರಿಗಳ ಬಳಿ ಅಂಥ ಪಿಸ್ತೂಲು ಆಗಲೇ ಇತ್ತು. ಗೇಣಿ ರೈತನಿಗೆ ಅದು ಕನಸಿನ ಗಂಟು. ಅಪರಾಧವನ್ನು ತಡೆಯುವುದೂ ಉದ್ದೇಶವಾಗಿತ್ತೆಂದು ವಾದಿಸುವ ವಿದ್ವಾಂಸರಿದ್ದಾರೆ, ಇರಬಹುದು. ಆದರೆ ಫ್ಲಾರಿಡದ 1893ರ ಇಂಥದೇ ಇನ್ನೊಂದು ಕಾಯಿದೆಯನ್ನು ಕುರಿತು, ಅದು ಕರಿಯ ಕೂಲಿಗಳನ್ನು ನಿರಾಯುಧರನ್ನಾಗಿಸಲೆಂದೇ ಹುಟ್ಟಿದ್ದೆಂದು ಆ ಸಂಸ್ಥಾನದ ನ್ಯಾಯಮೂರ್ತಿಯೊಬ್ಬರೇ 1941ರಲ್ಲಿ ಬರೆದಿಟ್ಟರು.

ಇದೇ ಟೆನೆಸಿಯ ಮೆಂಫಿಸ್ ನಗರದಲ್ಲಿ ಟಾಮಸ್ ಮಾಸ್ ಎಂಬ ಕರಿಯ ಗೃಹಸ್ಥನು ಗೆಳೆಯರೊಡನೆ ಪೀಪಲ್ಸ್ ಗ್ರೋಸರಿ ಎಂಬ ಅಂಗಡಿಯನ್ನು ನಡೆಸುತ್ತಿದ್ದನು. ಎದುರಿನ ಬಿಳಿಯನ ಅಂಗಡಿಯ ವ್ಯಾಪಾರ ಇಳಿಯಿತು. ಜಗಳ ಬೆಳೆದು, 1892ರ ಮಾರ್ಚಿನಲ್ಲಿ ಮಾಸ್ ಮತ್ತು ಅವನ ಇಬ್ಬರು ಸಂಗಡಿಗರನ್ನು ಗುಂಪೊಂದು ಸೆರೆಮನೆಯಿಂದ ಎಳೆದೊಯ್ದು ಕೊಂದಿತು. ಮಾಸನ ಕುಟುಂಬಕ್ಕೆ ಆಪ್ತಳಾಗಿದ್ದ ಪತ್ರಕರ್ತೆ ಐಡಾ ವೆಲ್ಸ್ ತಾನು ಆಮೇಲೆ ಮಾಡಿದ ಮೊದಲ ಕೆಲಸವೇ ಪಿಸ್ತೂಲನ್ನು ಕೊಂಡದ್ದೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಪೊಲೀಸರು ತನ್ನ ಕಡೆಗೆ ಬಾರರೆಂದು ಬಲ್ಲವಳ ಮೊದಲ ಆಯುಧವದು. ಅಂಗಡಿಯನ್ನೇ ಜೀವನೋಪಾಯವಾಗಿ ಮಾಡಿಕೊಂಡ ವಲಸೆಗಾರರು ಈ ಪ್ರಸಂಗವನ್ನು ಲಘುವಾಗಿ ದಾಟಬಾರದೆಂದು ನಮ್ಮ ಅಭಿಪ್ರಾಯ. ಅರವತ್ತು ವರ್ಷಗಳು ಕಳೆದ ಮೇಲೂ, 1956ರಲ್ಲಿ, ಮನೆಗೆ ಬಾಂಬು ಬಿದ್ದ ನಂತರ ಪಿಸ್ತೂಲಿನ ಪರವಾನಿಗೆಗೆ ಅರ್ಜಿ ಹಾಕಿದ ಮಾರ್ಟಿನ್ ಲೂಥರ್ ಕಿಂಗರಿಗೆ ಅಲಬಾಮದ ಅಧಿಕಾರಿಗಳು ಅದನ್ನು ನಿರಾಕರಿಸಿದರು. ಗಾಂಧೀಜಿಯವರ ದಾರಿಯನ್ನು ಅವರು ಪೂರ್ತಿಯಾಗಿ ಹಿಡಿದದ್ದು ಅದರ ಅನಂತರ.

ಇಪ್ಪತ್ತನೆಯ ಶತಮಾನದ ಕಾಯಿದೆಗಳನ್ನು ಬೇಗ ದಾಟೋಣ. ನ್ಯೂಯಾರ್ಕಿನ ಸುಲಿವನ್ ಕಾಯಿದೆ 1911ರಲ್ಲಿ ಬಂದಿತು. ಅಂಚೆಯ ಮೂಲಕ ಪಿಸ್ತೂಲು ಕಳುಹಿಸುವುದನ್ನು ಕಾಂಗ್ರೆಸ್ಸು 1927ರಲ್ಲಿ ನಿಲ್ಲಿಸಿತು. ಆದರೆ ಖಾಸಗಿ ಪಾರ್ಸೆಲ್ ಕಂಪನಿಗಳ ದಾರಿ ತೆರೆದೇ ಉಳಿಯಿತು. ಅದೇ ದಾರಿಯಲ್ಲಿ 1963ರಲ್ಲಿ ಲೀ ಹಾರ್ವಿ ಆಸ್ವಾಲ್ಡನು ಸುಳ್ಳು ಹೆಸರಿನಿಂದ 29 ಡಾಲರು 95 ಸೆಂಟಿಗೆ ಬಳಸಿದ ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರನ್ನು ತರಿಸಿಕೊಂಡನು. ಅಧ್ಯಕ್ಷರನ್ನು ಕೊಂದದ್ದು ರೈಫಲ್ಲು. ಅದೇ ದಿನ ಡಾಲಸ್ಸಿನ ಪೊಲೀಸ್ ಅಧಿಕಾರಿಯನ್ನು ಕೊಂದದ್ದು ಈ ರಿವಾಲ್ವರು.

ಅಗ್ಗದ ಪಿಸ್ತೂಲಿನ ಜಾತಕವನ್ನು ತಿಳಿಯಲು ಇನ್ನೊಂದು ಉದಾಹರಣೆ ಸಾಕು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಗಲಭೆಯೆದ್ದಾಗ, ಆ ಪ್ರಾಂತದ ಒಬ್ಬ ಗೃಹಸ್ಥರು ಮನೆಯ ರಕ್ಷಣೆಗೆಂದು 31 ಡಾಲರು 95 ಸೆಂಟು ಕೊಟ್ಟು ಎಂಟು ಗುಂಡಿನ ಸಣ್ಣ ಐವರ್ ಜಾನ್ಸನ್ ರಿವಾಲ್ವರನ್ನು ಕೊಂಡರು. ಅದರ ಅಗತ್ಯ ಬೀಳಲಿಲ್ಲ. ಅದು ಮಗಳ ಮನೆಗೆ ಹೋಯಿತು, ಅಲ್ಲಿಂದ ನೆರೆಯ ತರುಣನೊಬ್ಬನ ಕೈಗೆ, ಅವನಿಂದ ಇಪ್ಪತ್ತೈದು ಡಾಲರಿಗೆ ಸಿರ್ಹಾನ್ ಸೋದರರ ಕೈಗೆ. 1968ರ ಜೂನ್ 5ರಂದು ರಾಬರ್ಟ್ ಕೆನಡಿಯವರನ್ನು ಕೆಡವಿದ್ದು ಅದೇ. ಕೊಂಡವರ ಭಯವು ಸಹಜವಾದುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಲೆಬಾಳುವ ವಸ್ತುವನ್ನು ಕೈಬಿಡುವಾಗ ಮನುಷ್ಯ ಯೋಚಿಸುವಂತೆ ಮೂವತ್ತು ಡಾಲರಿನ ವಸ್ತುವಿನ ಬಗೆಗೆ ಯೋಚಿಸುವುದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಕಾಯಿದೆಯು ಅಂತರ ಸಂಸ್ಥಾನದ ಟಪಾಲು ವ್ಯಾಪಾರವನ್ನು ನಿಲ್ಲಿಸಿತು. ಕ್ರೀಡೆಗೆ ತಕ್ಕುದಲ್ಲದ ವಿದೇಶೀ ಪಿಸ್ತೂಲುಗಳ ಆಮದನ್ನು ತಡೆಯಿತು. ಉದ್ದ, ಎತ್ತರ, ರಕ್ಷಣಾ ಸಾಧನಗಳಿಗೆ ಶಾಲೆಯ ಪರೀಕ್ಷೆಯಂತೆ ಅಂಕಗಳು! ಈ ಪರೀಕ್ಷೆಯಲ್ಲಿ ಸೋಲುವಂಥ ಜರ್ಮನಿಯ ರೋಮ್ ಕಂಪನಿಯ ರಿವಾಲ್ವರುಗಳು ಬಿಡಿಭಾಗಗಳಾಗಿ ಬಂದು ಮಯಾಮಿಯಲ್ಲಿ ಜೋಡಣೆಯಾದುವು, ಏಕೆಂದರೆ ದೇಶದೊಳಗಿನ ತಯಾರಿಕೆಗೆ ಆ ಪರೀಕ್ಷೆಯಿರಲಿಲ್ಲ. 1981ರ ಮಾರ್ಚಿನಲ್ಲಿ ಅಧ್ಯಕ್ಷ ರೇಗನ್ ಅವರನ್ನು ಗಾಯಗೊಳಿಸಿದ್ದು ಡಾಲಸ್ಸಿನ ಗಿರವಿ ಅಂಗಡಿಯಲ್ಲಿ ಐವತ್ತು ಡಾಲರಿಗೂ ಕಡಮೆಗೆ ದೊರೆತ ಇಂಥದೊಂದು. ಅಗ್ಗದ ಪಿಸ್ತೂಲನ್ನು ಮಾರಿದ ತಯಾರಕನೇ ಅದರ ಗಾಯಕ್ಕೆ ಹೊಣೆಯೆಂದು ಮೇರಿಲೆಂಡಿನ ನ್ಯಾಯಾಲಯವು 1985ರಲ್ಲಿ ಹೇಳಿತು. 1988ರಲ್ಲಿ ಅಲ್ಲಿನ ಶಾಸನಸಭೆಯು ಆ ತೀರ್ಪನ್ನು ಅಳಿಸಿ, ಬದಲಿಗೆ ಮಾರಬಹುದಾದ ಪಿಸ್ತೂಲುಗಳ ಪಟ್ಟಿಯನ್ನು ಏರ್ಪಡಿಸಿತು. ಮತದಾರರೂ ಅದನ್ನು ಒಪ್ಪಿದರು.

ಪೊಲೀಸ್ ಇಲಾಖೆಗಳು 1980ರ ದಶಕದಿಂದ ಸ್ವಯಂಚಾಲಿತ ಪಿಸ್ತೂಲುಗಳ ಕಡೆಗೆ ತಿರುಗಿದಾಗ ಬಡ ಗಿರಾಕಿಗೆ ಅನಿರೀಕ್ಷಿತವಾದ ಅನುಕೂಲವಾಯಿತು. ವರ್ಷಗಟ್ಟಲೆ ಸೊಂಟಕ್ಕೆ ಕಟ್ಟಿದ, ಹೆಚ್ಚಾಗಿ ಹಾರಿಸದ ಸ್ಮಿತ್ ಅಂಡ್ ವೆಸ್ಸನ್ನಿನ ಹತ್ತನೆಯ ನಮೂನೆಯ ರಿವಾಲ್ವರುಗಳು ಹೊರಗೆ ಉಜ್ಜಿಹೋಗಿದ್ದರೂ ಒಳಗೆ ಗಟ್ಟಿಯಾಗಿದ್ದು, ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದುವು. ಹೊಸದಾದ ಕಳಪೆಗಿಂತ ಹಳೆಯದಾದ ಒಳ್ಳೆಯದು ಲೇಸೆಂದು ಬಲ್ಲವರು ಅವನ್ನೇ ಆರಿಸಿದರು. ರೂಗರ್ ಕಂಪನಿಯು ಜಾನ್ಸನ್ನನ ಆ ಹಳೆಯ ಉಕ್ಕಿನ ಪಟ್ಟಿಯ ತತ್ತ್ವವನ್ನು ತನ್ನ ದನಗಾಹಿ ಮಾದರಿಯ ರಿವಾಲ್ವರುಗಳಿಗೆ ಅಳವಡಿಸಿದ್ದು 1973ರಲ್ಲಿ. ಅದಕ್ಕಿಂತ ಹಿಂದಿನವು ಬಿದ್ದರೆ ಹಾರಬಹುದಾದ್ದರಿಂದ ಅವನ್ನು ಉಚಿತವಾಗಿ ತಿದ್ದಿಕೊಡುವ ಏರ್ಪಾಡನ್ನೂ ಮುಂದೆ ಮಾಡಿತು. ಬೆಲೆಯ ಬೇಲಿ ಈಗ ಬೇರೆ ಕಡೆಗೆ ಸರಿದಿದೆ. ನ್ಯೂಯಾರ್ಕ್ ನಗರದಲ್ಲಿ ಪರವಾನಿಗೆಯ ಶುಲ್ಕವೇ 340 ಡಾಲರಾಗಿದ್ದು, ಅದು ಸರಿಯೆಂದು ಮೇಲ್ಮನವಿ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು.

ಐದು ಡಾಲರಿನ ಆ ರಿವಾಲ್ವರುಗಳು ಇಂದಿಗೂ ಹಳೆಯ ಮನೆಗಳ ಹರಾಜಿನಲ್ಲಿ, ಕೊಂಡ ಮನೆಯ ಅಟ್ಟದಲ್ಲಿ ಕಾಣಸಿಗುತ್ತವೆ. ಹಿಡಿಯ ಮೇಲೆ ಗೂಬೆಯ ತಲೆಯ ಮುದ್ರೆಯಿದ್ದರೆ ಅದು ಐವರ್ ಜಾನ್ಸನ್ನಿನದು. ಗೂಬೆಯನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲು ನಮ್ಮವರು ಹಿಂಜರಿಯಬಹುದಾದರೂ ಸಂಗ್ರಾಹಕರು ಅದನ್ನು ಅಕ್ಕರೆಯಿಂದ ಹುಡುಕುತ್ತಾರೆ. 1909ಕ್ಕೆ ಮುಂಚಿನವು ಕರಿಮದ್ದಿನ ಕಾಡತೂಸಿಗಾಗಿ ಮಾಡಿದವು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ಅವುಗಳ ಉಕ್ಕು ತಾಳಲಾರದು. ಆದ್ದರಿಂದ ಅಂಥದು ಕೈಗೆ ಸಿಕ್ಕಿದವರು ಅದರಲ್ಲಿ ಗುಂಡು ತುಂಬುವ ಮೊದಲು ಬಂದೂಕಿನ ಕೆಲಸ ಬಲ್ಲವನೊಬ್ಬನಿಗೆ ತೋರಿಸುವುದು ಅವಶ್ಯ.