ಇಪ್ಪತ್ತು ಶಿಲ್ಲಿಂಗಿನ ಸೇತುವೆ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 11ನೇ ನಂಬರಿನ ಹೆದ್ದಾರಿ ಒಂದು ಕಡೆ ಆಳವಾದ ಕಣಿವೆಯನ್ನು ದಾಟುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಗೊತ್ತೇ ಆಗುವುದಿಲ್ಲ. ಎರಡೂ ಬದಿಗೆ ಬೇಲಿ, ಬೇಲಿಯ ಹಿಂದೆ ಮರಗಳು. ಆದರೆ ಅಲ್ಲಿ ರಸ್ತೆಯನ್ನು ಹೊತ್ತು ನಿಂತಿರುವುದು ಯಾರೂ ಕಟ್ಟಿದ ಸೇತುವೆಯಲ್ಲ. ತೊರೆಯಿಂದ 215 ಅಡಿ ಎತ್ತರದ, ಒಂದು ಗೋಡೆಯಿಂದ ಇನ್ನೊಂದಕ್ಕೆ ಸುಮಾರು 90 ಅಡಿ ಚಾಚಿಕೊಂಡ ಕಲ್ಲಿನ ಕಮಾನು ಅದು. ಹೆಸರು ‘ನ್ಯಾಚುರಲ್ ಬ್ರಿಜ್’. ಆ ಜಿಲ್ಲೆಗೆ ರಾಕ್‌ಬ್ರಿಜ್ ಎಂಬ ಹೆಸರು ಬಂದದ್ದೂ ಇದರಿಂದಲೇ.

ಕಮಾನನ್ನು ನೋಡಬೇಕಾದರೆ ಕಾರು ನಿಲ್ಲಿಸಿ, ಟಿಕೆಟ್ ಕೊಂಡು, 137 ಮೆಟ್ಟಿಲು ಇಳಿಯಬೇಕು. ಸೀಡರ್ ಕ್ರೀಕ್ ಎಂಬ ತೊರೆಯ ಕಡೆಗೆ ಮೆಟ್ಟಿಲುಗಳು ಇಳಿಯುತ್ತವೆ. ದಾರಿಯಲ್ಲಿ ಆರ್ಬರ್ ವೈಟೀ ಎಂಬ ಜಾತಿಯ ಮರವೊಂದರ ಒಣಗಿದ ಬೊಡ್ಡೆ ಸಿಗುತ್ತದೆ. ಅದು ಸತ್ತದ್ದು 1980ರಲ್ಲಿ, ಆಗ ಅದರ ವಯಸ್ಸು 1,600 ವರ್ಷ ದಾಟಿತ್ತು ಎನ್ನುತ್ತಾರೆ. ನಾನು ಹೇಳಹೊರಟಿರುವ ಕತೆಯಲ್ಲಿ ಬರುವ ಎಲ್ಲರೂ ಈ ಮರ ಬದುಕಿದ್ದಾಗ ಇದೇ ಕಣಿವೆಯಲ್ಲಿ ಓಡಾಡಿದವರು.

ಇಲ್ಲಿಗೆ ಮೊದಲು ಬಂದವರು ಮೊನಾಕನ್ ಜನ. ಶತ್ರುಗಳು ಬೆನ್ನಟ್ಟಿ ಬಂದಾಗ ಕಣಿವೆಯ ಅಂಚಿಗೆ ಬಂದು ದಾರಿ ಕಾಣದೆ ಪ್ರಾರ್ಥಿಸಿದರು, ಕಣ್ಣು ತೆರೆದರೆ ಸೇತುವೆ ಇತ್ತು ಎಂಬ ಕತೆ ಅವರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅವರಿಗೆ ಇದು ದೇವರ ಸೇತುವೆ. ಬಿಳಿಯರ ಕಾಗದಪತ್ರಗಳಲ್ಲಿ ಮಾತ್ರ ಇದು ಜಮೀನು. ಜಮೀನೆಂದಮೇಲೆ ಅದಕ್ಕೊಬ್ಬ ಒಡೆಯ ಬೇಕು.

ಆ ಒಡೆಯ ಥಾಮಸ್ ಜೆಫರ್ಸನ್. 1767ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಆತ ಇದನ್ನು ಮೊದಲ ಸಲ ನೋಡಿದ. 1774ರ ಜುಲೈ 5ರಂದು ಇಂಗ್ಲೆಂಡಿನ ರಾಜ ಮೂರನೇ ಜಾರ್ಜನ ಹೆಸರಿನಲ್ಲಿ ನೀಡಲಾದ ಪತ್ರದ ಮೂಲಕ ಸೇತುವೆಯನ್ನೂ ಸೇರಿಸಿ 157 ಎಕರೆಯನ್ನು 20 ಶಿಲ್ಲಿಂಗಿಗೆ ಪಡೆದ. ಎರಡು ವರ್ಷಕ್ಕೆ ಒಂದು ದಿನ ಕಡಿಮೆ ಇರುವಾಗ, 1776ರ ಜುಲೈ 4ರಂದು, ಅದೇ ರಾಜನ ವಿರುದ್ಧ ಈತ ಬರೆದ ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾಯಿತು. ರಾಜ ಹೋದ, ರಾಜನ ಪತ್ರ ಮಾತ್ರ ಊರ್ಜಿತವಾಗಿ ಉಳಿಯಿತು.

ವರ್ಜೀನಿಯಾ ಕುರಿತು ಜೆಫರ್ಸನ್ ಬರೆದ ಪುಸ್ತಕದಲ್ಲಿ ಸೇತುವೆಯ ವರ್ಣನೆ ಪ್ರಸಿದ್ಧವಾದದ್ದು. ಅಂಚಿನಲ್ಲಿ ತೆವಳಿ, ಒಂದು ನಿಮಿಷ ಕೆಳಗೆ ಇಣುಕಿ ನೋಡಿದ್ದಕ್ಕೆ ತನಗೆ ವಿಪರೀತ ತಲೆನೋವು ಬಂದಿತೆಂದು ಅಲ್ಲಿ ಒಪ್ಪಿಕೊಂಡಿದ್ದಾನೆ. ಕೆಳಗಿನಿಂದ ನೋಡಿದರೆ ಮಾತ್ರ ಪರಮಾನಂದವಂತೆ. ಎತ್ತರದ ಬಗ್ಗೆ ಅವನಿಗೆ ಸಿಕ್ಕ ಅಳತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ಲೆಕ್ಕದಲ್ಲಿ 270 ಅಡಿ, ಇನ್ನೊಂದರಲ್ಲಿ 205. ಎರಡನ್ನೂ ಬರೆದಿಟ್ಟ. ಯಾವುದೋ ಮಹಾ ಭೂಕ್ಷೋಭೆಯಲ್ಲಿ ಬೆಟ್ಟ ಸೀಳಿ ಸೇತುವೆ ಉಂಟಾಯಿತೆಂದು ಅವನ ಊಹೆ. ಆ ಊಹೆಯನ್ನು ಬುಡಮೇಲು ಮಾಡಿದವನು ಅವನದೇ ಬಳಗದ ತರುಣ ವಕೀಲ ಫ್ರಾನ್ಸಿಸ್ ವಾಕರ್ ಗಿಲ್ಮರ್. ಸುಣ್ಣಕಲ್ಲನ್ನು ನೀರು ನಿಧಾನವಾಗಿ ಕರಗಿಸಿ ಕೊರೆದದ್ದರಿಂದಲೇ ಸೇತುವೆ ಆಯಿತೆಂಬ ಅವನ ಪ್ರಬಂಧ 1818ರಲ್ಲಿ ಅಚ್ಚಾಯಿತು. ಇವತ್ತಿನ ಭೂವಿಜ್ಞಾನಿಗಳ ವಿವರಣೆಯೂ ಸ್ಥೂಲವಾಗಿ ಅದೇ: ನೆಲದಡಿ ಹರಿದ ನೀರು ಗವಿಯನ್ನು ಕೊರೆಯಿತು, ಗವಿಯ ಚಾವಣಿ ಕುಸಿಯಿತು, ಕುಸಿಯದೆ ಉಳಿದ ಒಂದು ತುಂಡೇ ಈ ಕಮಾನು. (ನಮ್ಮ ಯಾಣದ ಕರಿಬಂಡೆಗಳೂ ಸುಣ್ಣಕಲ್ಲಿನವೇ. ಅಲ್ಲಿಯ ಗವಿಯಲ್ಲಿ ತೊಟ್ಟಿಕ್ಕುವ ನೀರನ್ನು ಕಂಡವರಿಗೆ ಗಿಲ್ಮರನ ಮಾತು ನಂಬಲು ಕಷ್ಟವಾಗದು.)

1812ರಲ್ಲಿ ಬ್ರಿಟನ್ನಿನ ಜೊತೆ ಮತ್ತೆ ಯುದ್ಧ ಶುರುವಾದಾಗ ಸೇತುವೆಗೆ ಬೇರೆಯದೇ ಬೆಲೆ ಬಂತು. ಕರಗಿದ ಸೀಸವನ್ನು ತುಂಬ ಎತ್ತರದಿಂದ ಸುರಿದರೆ ಬೀಳುತ್ತ ಬೀಳುತ್ತ ಹನಿಗಳು ಗುಂಡಗಾಗಿ ಗಟ್ಟಿಯಾಗುತ್ತವೆ. ಬಂದೂಕಿನ ಚರೆ ತಯಾರಾಗುತ್ತಿದ್ದದ್ದು ಹಾಗೆ. ಅದಕ್ಕೆಂದೇ ಬೇರೆ ಕಡೆ ಗೋಪುರ ಕಟ್ಟುತ್ತಿದ್ದರು. ಇಲ್ಲಿ ಅದರ ಅಗತ್ಯವೇ ಇರಲಿಲ್ಲ. ಜೆಫರ್ಸನ್ ಈ ಕೆಲಸಕ್ಕಾಗಿ ಸೇತುವೆಯನ್ನು ಗುತ್ತಿಗೆಗೆ ಕೊಟ್ಟ. ಹತ್ತಿರದ ಗವಿಯಲ್ಲಿ ಮದ್ದಿಗೆ ಬೇಕಾದ ಪೆಟ್ಲುಪ್ಪನ್ನೂ ಅಗೆದರು. ಆ ಗವಿಯ ಬಾಯಿ ಈಗಲೂ ಕಾಲುದಾರಿಯಲ್ಲಿ ಸಿಗುತ್ತದೆ. ಹೀಗೆ ಗುತ್ತಿಗೆ ಕೊಟ್ಟವನೇ 1815ರಲ್ಲಿ, ಸೇತುವೆ ಒಂದು ರೀತಿಯಲ್ಲಿ ಸಾರ್ವಜನಿಕರ ಸೊತ್ತು, ತಾನು ಅದನ್ನು ಕಾಯುವವನು, ಅದು ವಿರೂಪವಾಗಲು ಬಿಡುವುದಿಲ್ಲ ಎಂಬ ಅರ್ಥದ ಪತ್ರ ಬರೆದ. ಮಾತು ದೊಡ್ಡದು. ಆದರೆ ಅವನ ಮನೆಯಿದ್ದ ಮಾಂಟಿಸೆಲ್ಲೊ ಇಲ್ಲಿಗೆ ದೂರ. ಕಾಯುವ ಕೆಲಸವನ್ನು ನಿಜವಾಗಿ ಮಾಡಿದವನು ಇನ್ನೊಬ್ಬ.

ಅವನ ಹೆಸರು ಪ್ಯಾಟ್ರಿಕ್ ಹೆನ್ರಿ. ಸ್ವಾತಂತ್ರ್ಯ ಇಲ್ಲವೇ ಸಾವು ಎಂದು ಗುಡುಗಿದನೆಂದು ಪಠ್ಯಪುಸ್ತಕಗಳು ಹೇಳುವ ವರ್ಜೀನಿಯಾದ ಗವರ್ನರನ ಹೆಸರೇ, ಆದರೆ ಇವನು ಬೇರೆ. ಇವನು ಗುಲಾಮನಲ್ಲದ, ಸ್ವತಂತ್ರ ಕರಿಯ. 1817ರಲ್ಲಿ ಜೆಫರ್ಸನ್ ಇವನನ್ನು ಇಲ್ಲಿಗೆ ನೇಮಿಸಿದ. ಸುತ್ತಲಿನ ಉಳುವ ನೆಲವನ್ನು ಬಳಸಿಕೊಳ್ಳಬಹುದು, ಅದಕ್ಕೆ ಬದಲು ತೆರಿಗೆ ಕಟ್ಟಬೇಕು, ಮರ ಕಡಿಯುವವರನ್ನೂ ಅತಿಕ್ರಮಣ ಮಾಡುವವರನ್ನೂ ತಡೆಯಬೇಕು. ನೋಡಲು ಬಂದವರಿಗೆ ದಾರಿ ತೋರಿಸುವವನೂ ಅವನೇ. ಈ ಹೆನ್ರಿ ಲೂಯಿಸಾ ಎಂಬ ಗುಲಾಮ ಹೆಂಗಸನ್ನು ಹಣ ಕೊಟ್ಟು ಕೊಂಡು, ಬಿಡುಗಡೆ ಮಾಡಿ, ಹೆಂಡತಿಯಾಗಿ ಪಡೆದವನು. ಅವಳನ್ನು ಬಂಧಮುಕ್ತಳನ್ನಾಗಿಸಲು ಆ ಕಾಲದ ಕಾನೂನಿನಲ್ಲಿ ಮೊದಲು ಅವಳ ಒಡೆಯನಾಗಬೇಕಿತ್ತು. ಇತ್ತ ಇವನ ಒಡೆಯ ಜೆಫರ್ಸನ್, ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಸೇತುವೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಇಬ್ಬರ ನಡುವಿನ ಗುತ್ತಿಗೆ. ಆದರೂ ಗೋಡೆಯ ಮೇಲೆ 23 ಅಡಿ ಎತ್ತರದಲ್ಲಿರುವ ‘ಜಿ.ಡಬ್ಲ್ಯೂ.’ ಅಕ್ಷರಗಳನ್ನು ಜಾರ್ಜ್ ವಾಷಿಂಗ್ಟನ್ ಕೆತ್ತಿದನೆಂಬ, ಪುರಾವೆಯಿಲ್ಲದ ಕತೆಯೇ ಪ್ರವಾಸಿಗರಿಗೆ ಹೆಚ್ಚು ಪ್ರಿಯ.

1826ರಲ್ಲಿ ಜೆಫರ್ಸನ್ ತೀರಿಕೊಂಡಾಗ ಒಂದು ಲಕ್ಷ ಡಾಲರಿಗೂ ಹೆಚ್ಚು ಸಾಲ ಉಳಿದಿತ್ತು. ವಾರಸುದಾರರು ಸೇತುವೆಯನ್ನು 1833ರಲ್ಲಿ ಮಾರಿದರು. ಅಲ್ಲಿಂದ ಮುಂದಕ್ಕೆ ಕೈಯಿಂದ ಕೈಗೆ. ಹೋಟೆಲು ಬಂತು, ಟಿಕೆಟ್ ಬಂತು, 1927ರಿಂದ ರಾತ್ರಿ ಹೊತ್ತು ದೀಪ ಮತ್ತು ಸಂಗೀತದೊಂದಿಗೆ ಬೈಬಲ್ಲಿನ ಸೃಷ್ಟಿಕತೆಯ ಪ್ರದರ್ಶನವೂ ಬಂತು. ಸಾರ್ವಜನಿಕರ ಸೊತ್ತು ಎಂಬ ಆ 1815ರ ಮಾತು ನಿಜವಾಗಲು 2016 ಆಗಬೇಕಾಯಿತು. ಆ ವರ್ಷ ಇದು ವರ್ಜೀನಿಯಾದ ರಾಜ್ಯ ಉದ್ಯಾನವಾಯಿತು. ಮೊನಾಕನ್ ಜನರಿಗೆ ಅಮೆರಿಕದ ಕೇಂದ್ರ ಸರ್ಕಾರದ ಮಾನ್ಯತೆ ಸಿಕ್ಕಿದ್ದು ಅದಕ್ಕೂ ಆಮೇಲೆ, 2018ರಲ್ಲಿ. ದಾರಿಯ ಪಕ್ಕದಲ್ಲಿ ಅವರ ಹಳೆಯ ಹಳ್ಳಿಯ ಮಾದರಿಯೊಂದು ಇದೆ.

ಕಾಲುದಾರಿ ಮುಂದೆ ಲೇಸ್ ಫಾಲ್ಸ್ ಎಂಬ ಸಣ್ಣ ಜಲಪಾತದಲ್ಲಿ ಮುಗಿಯುತ್ತದೆ. ವಾಪಸು ಬರಲು ಬೇರೆ ದಾರಿ ಇಲ್ಲ, ಅದೇ ತೊರೆ, ಅದೇ ಕಮಾನು. ತಿರುಗಿ ಬರುವಾಗ ಅದರಡಿ ನಿಂತು ಒಂದು ವಿಷಯ ಪರೀಕ್ಷಿಸಬಹುದು. ಇಲ್ಲಿ ನಿಂತರೆ ಒಂದು ಕಡೆ ಬ್ಲೂ ರಿಜ್, ಇನ್ನೊಂದು ಕಡೆ ನಾರ್ತ್ ಮೌಂಟನ್ ಪರ್ವತ ಕಾಣುತ್ತವೆಂದು ಜೆಫರ್ಸನ್ ತನ್ನ ಪುಸ್ತಕದಲ್ಲಿ ಬರೆದಿದ್ದ. ಮುಪ್ಪಿನಲ್ಲಿ ಮತ್ತೆ ಬಂದು ನೋಡಿದ ಮೇಲೆ, ಅದು ಎಷ್ಟೋ ವರ್ಷದ ನಂತರ ನೆನಪಿನಿಂದ ಬರೆದ ತಪ್ಪು ಎಂದು ತಿದ್ದುಪಡಿ ಬರೆದಿಟ್ಟ. ಅವನು ತಿದ್ದಿದ್ದು ಸರಿ. ಕೆಳಗಿನಿಂದ ಬೆಟ್ಟ ಯಾವುದೂ ಕಾಣುವುದಿಲ್ಲ. ಎರಡು ಗೋಡೆ, ನಡುವೆ ಒಂದಿಷ್ಟು ಆಕಾಶ.